ಬುಗ್ಗೆಯ ಬದಿಯ ಜೂಜುನಗರ

ಊರ ಹೆಸರುಗಳ ಅರ್ಥವನ್ನು ಕೆದಕುವುದು ಭಾಷೆ ಕಲಿಸುವವರ ಹಳೆಯ ಚಪಲ. ವಾಚಕರು ಮನ್ನಿಸಬೇಕು, ಈ ಲೇಖನವೂ ಒಂದು ಹೆಸರಿನಿಂದಲೇ ಆರಂಭವಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡ ರಾಜ್ಯದಲ್ಲಿ, ಮೊಹಾವಿ ಮರುಭೂಮಿಯ ನಡುವೆ, ಲಾಸ್ ವೇಗಸ್ ಎಂಬ ನಗರವಿದೆ. ಜೂಜಿಗೂ ವಿನೋದಕ್ಕೂ ಅದು ಲೋಕದಲ್ಲೆಲ್ಲ ಹೆಸರಾಂತ ಊರು. 2019ನೆಯ ಇಸವಿಯೊಂದರಲ್ಲೇ ನಾಲ್ಕು ಕೋಟಿಗೂ ಮಿಕ್ಕ ಪ್ರವಾಸಿಗಳು ಅಲ್ಲಿಗೆ ಹೋಗಿಬಂದರು. ಆ ಹೆಸರು ಸ್ಪ್ಯಾನಿಷ್ ಭಾಷೆಯದು. ಕನ್ನಡದಲ್ಲಿ ಹೇಳುವುದಾದರೆ 'ಹುಲ್ಲುಗಾವಲುಗಳು'. ವರ್ಷಕ್ಕೆ ಸರಾಸರಿ ನಾಲ್ಕೇ ಅಂಗುಲ ಮಳೆ ಬೀಳುವ, ಬೇಸಗೆಯಲ್ಲಿ ಫ್ಯಾರನ್‌ಹೀಟಿನ 110 ಡಿಗ್ರಿಯನ್ನೂ ಮೀರಿ ಕಾಯುವ ಆ ನೆಲದಲ್ಲಿ ಹುಲ್ಲುಗಾವಲೆಲ್ಲಿಂದ ಬಂತು?

ಹುಲ್ಲುಗಾವಲು ನಿಜವಾಗಿಯೂ ಇದ್ದಿತು. ಆ ಕಣಿವೆಯ ಪಶ್ಚಿಮಕ್ಕೆ ಸುಮಾರು 12,000 ಅಡಿ ಎತ್ತರದ ಶಿಖರವುಳ್ಳ ಬೆಟ್ಟಸಾಲೊಂದಿದೆ. ಅಲ್ಲಿ ಬಿದ್ದ ಹಿಮ ಕರಗಿ, ಬಂಡೆಗಳ ಸಂದಿಯಲ್ಲಿ ಇಂಗಿ, ನೆಲದೊಳಗೇ ಹರಿದುಬಂದು, ಕಣಿವೆಯ ನಡುವೆ ಬುಗ್ಗೆಗಳಾಗಿ ತಾನಾಗಿ ಉಕ್ಕುತ್ತಿತ್ತು. ಬುಗ್ಗೆಯಿಂದ ಹಳ್ಳ, ಹಳ್ಳದ ದಂಡೆಯಲ್ಲಿ ಹುಲ್ಲು ಮತ್ತು ಮರಗಳ ತೋಪು. ದಕ್ಷಿಣ ಪೈಯೂಟ್ ಎಂಬ ಮೂಲನಿವಾಸಿಗಳು ಬಹುಕಾಲದಿಂದ ಆ ನೀರನ್ನು ಆಶ್ರಯಿಸಿ ಬಾಳಿದ್ದರು. ಇಂದು ದೀಪಗಳ ಝಗಝಗವನ್ನು ನೋಡಲು ಹೋಗುವವರು ಈ ಸಂಗತಿಯನ್ನು ನೆನೆಯುವುದು ಕಡಮೆ. ಆದರೆ ಆ ನಗರದ ಚರಿತ್ರೆಯ ತಾಯಿಬೇರು ಜೂಜಲ್ಲ, ನೀರು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ನೀರಿನ ಕಥೆಯನ್ನೇ. ಜೂಜು ಅದರ ನಡುವೆ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ.

1829ರ ಕೊನೆಯಲ್ಲಿ ಆಂಟೋನಿಯೊ ಆರ್ಮಿಹೊ ಎಂಬ ವರ್ತಕನ ತಂಡ ನ್ಯೂ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾದ ಕಡೆಗೆ ಹೊಸ ದಾರಿ ಹುಡುಕುತ್ತ ಹೊರಟಿತು. ಅಂಥ ಪಯಣಿಗರಿಗೆ ಈ ಬುಗ್ಗೆಗಳು ಬಾಯಾರಿಕೆ ತೀರಿಸುವ ಅರವಟಿಗೆಯಾದವು. ಹುಲ್ಲುಗಾವಲೆಂಬ ಹೆಸರೂ ನಿಂತಿತು. 1844ರ ಮೇ ತಿಂಗಳಲ್ಲಿ ಜಾನ್ ಫ್ರೀಮಾಂಟ್ ಎಂಬ ಸೇನಾಧಿಕಾರಿ ಅಲ್ಲಿ ಬೀಡುಬಿಟ್ಟು, ತನ್ನ ವರದಿಯಲ್ಲಿ ಆ ನೀರನ್ನು ಬಣ್ಣಿಸಿದನು. 1855ರಲ್ಲಿ ಮಾರ್ಮನ್ ಪಂಥದ 30 ಮಂದಿ ಬಂದು ಹಸಿ ಇಟ್ಟಿಗೆಯ ಕೋಟೆಯೊಂದನ್ನು ಕಟ್ಟಿದರು. ಹಳ್ಳದಿಂದ ಕಾಲುವೆ ತೆಗೆದು ಬೇಸಾಯ ಮಾಡಿದರು. ಬೆಳೆ ಕೈಗೆ ಹತ್ತಲಿಲ್ಲ, ತಮ್ಮತಮ್ಮಲ್ಲೇ ಜಗಳವೂ ಎದ್ದಿತು. ಎರಡೇ ವರ್ಷದಲ್ಲಿ ಬಿಟ್ಟು ನಡೆದರು. ಆ ಕೋಟೆಯ ಒಂದು ತುಣುಕು ಈಗಲೂ ನಿಂತಿದೆ. ಊರಿನಲ್ಲಿ ಅದಕ್ಕಿಂತ ಹಳೆಯ ಕಟ್ಟಡ ಮತ್ತೊಂದಿಲ್ಲ.

ಆಮೇಲಿನ ಕಥೆಯಲ್ಲಿ ಒಬ್ಬ ಹೆಂಗಸನ್ನು ನಾವು ನಿಂತು ನೋಡಬೇಕು. ಹೆಲೆನ್ ಸ್ಟೂವರ್ಟ್ ಎಂದು ಆಕೆಯ ಹೆಸರು. ಆಕೆಯ ಗಂಡ ಸಾಲದ ಲೆಕ್ಕದಲ್ಲಿ ಬುಗ್ಗೆಯ ಬದಿಯ ಜಮೀನನ್ನು ಪಡೆದಿದ್ದನು. ಬಂದು ನೆಲೆಸಿ ಎರಡು ಮೂರು ವರ್ಷಕ್ಕೆ, 1884ರ ಜುಲೈನಲ್ಲಿ, ನೆರೆಯ ಜಮೀನಿನಲ್ಲಿ ನಡೆದ ಜಗಳವೊಂದರಲ್ಲಿ ಗುಂಡೇಟಿಗೆ ಸತ್ತನು. ಹೆಲೆನಳಿಗೆ ಆಗ ನಾಲ್ಕು ಮಕ್ಕಳು, ಐದನೆಯದು ಗರ್ಭದಲ್ಲಿ. ಸುತ್ತ ಮರದ ಹಲಗೆ ಸಿಕ್ಕದ ಕಾರಣ ಮನೆಯ ಬಾಗಿಲುಗಳನ್ನೇ ಕಿತ್ತು ಶವಪೆಟ್ಟಿಗೆ ಮಾಡಿದರು. ಈ ಹೆಂಗಸು ಮುಂದೆ ಹದಿನೆಂಟು ವರ್ಷ ಆ ಮರುಭೂಮಿಯಲ್ಲಿ ದನಕರು ಸಾಕಿ, ತೋಟ ಬೆಳೆಸಿ, ಹಾದುಹೋಗುವವರಿಗೆ ಅನ್ನವಿಕ್ಕಿ ಜಮೀನನ್ನು ಕಾಪಾಡಿಕೊಂಡಳು. 1902ರಲ್ಲಿ ರೈಲು ಕಂಪನಿ ಬಂದು 55,000 ಡಾಲರಿಗೆ ಅದನ್ನು ಕೊಂಡಿತು. ಕಂಪನಿಗೆ ಬೇಕಾದದ್ದು ತೋಟವಲ್ಲ, ನೀರು. ಲಾಸ್ ಏಂಜಲೀಸಿನಿಂದ ಸಾಲ್ಟ್ ಲೇಕ್ ನಗರದವರೆಗೆ ಹಾಕುತ್ತಿದ್ದ ಆ ದಾರಿಯಲ್ಲಿ ಉಗಿಬಂಡಿಗಳು ನೀರು ಕುಡಿಯದೆ ಮುಂದೆ ಹೋಗುವಂತಿರಲಿಲ್ಲ.

ನೆಲದ ಹಳೆಯ ಒಡೆಯರಾದ ಪೈಯೂಟರ ಪಾಡೇನಾಯಿತೆಂದು ವಾಚಕರು ಕೇಳಬಹುದು. 1911ರ ಕೊನೆಯಲ್ಲಿ ಇದೇ ಹೆಲೆನ್ ಸ್ಟೂವರ್ಟ್ ತನ್ನ ಬಳಿ ಉಳಿದಿದ್ದ ನೆಲದಲ್ಲಿ 10 ಎಕರೆಯನ್ನು ಅವರ ವಸತಿಗಾಗಿ ಸರ್ಕಾರಕ್ಕೆ ಕೊಟ್ಟಳು. ಇಡೀ ಕಣಿವೆಯಲ್ಲಿ ತಿರುಗಾಡಿಕೊಂಡಿದ್ದ ಜನಕ್ಕೆ ಹತ್ತು ಎಕರೆ! 1983ರಲ್ಲಿ ನಗರದ ಹೊರಗೆ ಇನ್ನಷ್ಟು ಭೂಮಿ ದೊರೆಯುವವರೆಗೆ ಅವರ ಪಾಲಿಗಿದ್ದದ್ದು ಅಷ್ಟೆ.

ಇನ್ನು ಊರು ಹುಟ್ಟಿದ ದಿನ. ರೈಲು ಕಂಪನಿಯ ಯಜಮಾನ ವಿಲಿಯಂ ಕ್ಲಾರ್ಕ್, ತಾಮ್ರದ ಗಣಿಗಳಿಂದ ಕೋಟ್ಯಧೀಶನಾದವನು. ಮಾಂಟಾನ ರಾಜ್ಯದಿಂದ ಸೆನೆಟ್ಟಿಗೆ ಆರಿಸಿಬಂದವನು. 1905ರ ಮೇ 15ರಂದು ಆ ಬಯಲಿನ ಸುಡುಬಿಸಿಲಿನಲ್ಲಿ ನಿವೇಶನಗಳ ಹರಾಜು ಆರಂಭವಾಯಿತು. ಎರಡು ದಿನದಲ್ಲಿ ಮುಗಿದೂ ಹೋಯಿತು. ಕ್ಲಾರ್ಕನಿಗಿಂತ ಮುಂಚೆಯೇ ಮ್ಯಾಕ್‌ವಿಲಿಯಮ್ಸ್ ಎಂಬ ಭೂಮಾಪಕನು ಹಳಿಯ ಪಶ್ಚಿಮದಲ್ಲಿ ಬೇರೊಂದು ಊರನ್ನು ಗುರುತಿಸಿ ನಿವೇಶನಗಳನ್ನು ಮಾರಿದ್ದನು. ಆದರೆ ಬುಗ್ಗೆ ಕಂಪನಿಯದು, ಕೊಳಾಯಿ ಕಂಪನಿಯದು. ಜನ ಹಳಿಯನ್ನು ದಾಟಿ ನೀರಿದ್ದ ಕಡೆಗೆ ಬಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮ್ಯಾಕ್‌ವಿಲಿಯಮ್ಸನ ಊರಿಗೆ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋಯಿತು. ಈ ಪಶ್ಚಿಮದ ಕೇರಿಯನ್ನು ನೆನಪಿಟ್ಟುಕೊಳ್ಳಿರಿ. ಇನ್ನೊಮ್ಮೆ ಅದರ ಪ್ರಸ್ತಾಪ ಬರುತ್ತದೆ.

ಹೀಗೆ ಹುಟ್ಟಿದ ಊರಿನ ಜನ ನೀರನ್ನು ಹೇಗೆ ಬಳಸಿದರು? ನೆಲಕ್ಕೆ ಕೊಳವೆ ಇಳಿಸಿದರೆ ಸಾಕು, ಒತ್ತಡದಿಂದ ನೀರು ತಾನೇ ಮೇಲೆದ್ದು ಚಿಮ್ಮುತ್ತಿತ್ತು. ಹತ್ತಾರು ಬಾವಿಗಳನ್ನು ಕೊರೆದರು. ಬಾಯಿಗೆ ಮುಚ್ಚಳ ಹಾಕುವ ಗೊಡವೆ ಯಾರಿಗೂ ಇರಲಿಲ್ಲ. ಹಗಲೂ ರಾತ್ರಿಯೂ ನೀರು ಹರಿದು ಮರಳಿಗೆ ಸೇರಿತು. ಧರ್ಮಕ್ಕೆ ಸಿಕ್ಕ ಎಮ್ಮೆಯನ್ನು ಕರೆದವರೇ ಹೊರತು ಮೇವು ಹಾಕಿದವರಿಲ್ಲ.

ಹದಿನೇಳು ವರ್ಷ ಕಳೆಯುವುದರೊಳಗೆ ಊರಿಗೆ ಕುತ್ತು ಬಂತು. 1922ರಲ್ಲಿ ದೇಶದಾದ್ಯಂತ ರೈಲು ಕಾರ್ಮಿಕರ ಮುಷ್ಕರ ನಡೆಯಿತು. ಅದರ ಬಳಿಕ ಕಂಪನಿ ತನ್ನ ದುರಸ್ತಿ ಕಾರ್ಖಾನೆಯನ್ನು ಕ್ಯಾಲಿಯೆಂಟಿ ಎಂಬ ಬೇರೆ ಊರಿಗೆ ಸಾಗಿಸಿತು. ನೂರಾರು ಸಂಸಾರಗಳ ಅನ್ನ ಹೋಯಿತು. ಆ ಊರನ್ನು ಉಳಿಸಿದ್ದು ಕೂಡ ನೀರೇ, ಆದರೆ ಬೇರೆ ನೀರು. ಮೂವತ್ತು ಮೈಲಿಯ ಸುಮಾರಿನಲ್ಲಿ ಕೊಲೊರಾಡೊ ನದಿ ಆಳವಾದ ಕಮರಿಯಲ್ಲಿ ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ಹೂವರ್ ಅಣೆಕಟ್ಟಿನ ಕೆಲಸ 1931ರಲ್ಲಿ ಮೊದಲಾಯಿತು. ಅಮೆರಿಕದಲ್ಲಿ ಆಗ ಭೀಕರ ನಿರುದ್ಯೋಗದ ಕಾಲ. ಕೆಲಸ ಸಿಕ್ಕೀತೆಂಬ ಆಸೆಯಿಂದ ಸಾವಿರಾರು ಮಂದಿ ಹೆಂಡತಿ ಮಕ್ಕಳೊಡನೆ ಬಂದು ಡೇರೆಗಳಲ್ಲಿ ಬಿಡಾರ ಹೂಡಿದರು. ಕೆಲಸದ ಭರಾಟೆಯಲ್ಲಿ ಒಮ್ಮೆಗೇ ಐದು ಸಾವಿರಕ್ಕೂ ಹೆಚ್ಚು ಜನ ದುಡಿದದ್ದುಂಟು. ಸರ್ಕಾರದ ಲೆಕ್ಕದ ಪ್ರಕಾರವೇ 96 ಮಂದಿ ಕೆಲಸದಲ್ಲಿ ಮಡಿದರು. 726 ಅಡಿ ಎತ್ತರದ ಆ ಕಟ್ಟೆಯನ್ನು 1935ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ರೂಸ್‌ವೆಲ್ಟರು ಲೋಕಾರ್ಪಣೆ ಮಾಡಿದರು. ಹಿಂದೆ ನಿಂತ ನೀರಿಗೆ ಮೀಡ್ ಸರೋವರವೆಂದು ಹೆಸರಾಯಿತು. ಸೇಂಟ್ ತಾಮಸ್ ಎಂಬ ಹಳ್ಳಿ 1938ರಲ್ಲಿ ಅದರಲ್ಲಿ ಮುಳುಗಿತು.

ಕೆಲಸಗಾರರಿಗಾಗಿ ಸರ್ಕಾರ ಬೌಲ್ಡರ್ ನಗರವೆಂಬ ಮಾದರಿ ಊರನ್ನು ಕಟ್ಟಿಸಿ, ಅಲ್ಲಿ ಹೆಂಡವನ್ನೂ ಜೂಜನ್ನೂ ನಿಷೇಧಿಸಿತು. ಜೂಜಿನ ನಿಷೇಧ ಅಲ್ಲಿ ಇಂದಿಗೂ ಉಂಟು. ಆದರೆ ಸಂಬಳದ ದಿನ ಕೆಲಸಗಾರ ಎಲ್ಲಿಗೆ ಹೋಗಬೇಕು? ಲಾಸ್ ವೇಗಸ್ಸಿನ ಫ್ರೀಮಾಂಟ್ ಬೀದಿಗೆ. ಅವನು ಬರುವ ವೇಳೆಗೆ ಸರಿಯಾಗಿ ನೆವಾಡ ರಾಜ್ಯವು ಬಾಗಿಲು ತೆರೆದಿತ್ತು. 1909ರಲ್ಲಿ ಜೂಜನ್ನು ನಿಷೇಧಿಸಿ ಶಾಸನ ಮಾಡಿದ್ದ ಅದೇ ರಾಜ್ಯ, 1931ರ ಮಾರ್ಚ್ 19ರಂದು ಅದಕ್ಕೆ ಪರವಾನಗಿ ಕೊಟ್ಟಿತು. ಮಸೂದೆಯನ್ನು ತಂದವನು ಫಿಲ್ ಟೋಬಿನ್ ಎಂಬ ದನಗಾಹಿ ಶಾಸಕ. ಕದ್ದುಮುಚ್ಚಿ ಎಲ್ಲೆಲ್ಲೂ ಜೂಜು ನಡೆದೇ ಇದೆ, ಅದರಿಂದ ತೆರಿಗೆಯಾದರೂ ಬರಲಿ ಎಂಬುದು ಅವನ ವಾದ. ಅದೇ ದಿನ ಇನ್ನೊಂದು ಶಾಸನವೂ ಆಯಿತು: ಆರು ವಾರ ನೆವಾಡದಲ್ಲಿ ವಾಸವಿದ್ದವರಿಗೆ ವಿವಾಹ ವಿಚ್ಛೇದನ! ಬೊಕ್ಕಸ ಬರಿದಾದಾಗ ರಾಜ್ಯಗಳಿಗೆ ಎಂಥೆಂಥ ಉಪಾಯಗಳು ಹೊಳೆಯುತ್ತವೆ ನೋಡಿರಿ. ಮೊದಲ ಪರವಾನಗಿ ಸಿಕ್ಕಿದ್ದು ಫ್ರೀಮಾಂಟ್ ಬೀದಿಯ ನಾರ್ದರ್ನ್ ಕ್ಲಬ್ಬಿಗೆ. ಅದನ್ನು ಪಡೆದವಳು ಮೇಮ್ ಸ್ಟಾಕರ್ ಎಂಬ ಗೃಹಿಣಿ.

ಜೂಜೆಂದೊಡನೆ ನಮಗೆ ಧರ್ಮರಾಯನ ನೆನಪಾಗುತ್ತದೆ. ಅದಕ್ಕೂ ಹಿಂದೆ, ಋಗ್ವೇದದ ಹತ್ತನೆಯ ಮಂಡಲದಲ್ಲೇ ಜೂಜುಗಾರನೊಬ್ಬನ ಗೋಳಿನ ಸೂಕ್ತವುಂಟು. ಆದರೆ ಹಸ್ತಿನಾವತಿಯ ಸಭೆಗೂ ಲಾಸ್ ವೇಗಸ್ಸಿನ ಕಟ್ಟೆಗೂ ಒಂದು ಭೇದವಿದೆ. ಶಕುನಿಗೆ ಕಪಟದ ದಾಳ ಬೇಕಾಯಿತು. ಇಲ್ಲಿ ಕಪಟವೇ ಬೇಡ, ಗಣಿತ ಸಾಕು. ರೂಲೆಟ್ ಎಂಬ ತಿರುಗುವ ಚಕ್ರವನ್ನೇ ತೆಗೆದುಕೊಳ್ಳಿ. ಅಮೆರಿಕದ ಚಕ್ರದಲ್ಲಿ ಸಾಮಾನ್ಯವಾಗಿ 38 ಮನೆಗಳು: ಒಂದರಿಂದ 36, ಜೊತೆಗೆ ಒಂಟಿ ಸೊನ್ನೆ, ಜೋಡಿ ಸೊನ್ನೆ. ನೀವು ಒಂದೊಂದು ಮನೆಯ ಮೇಲೂ ಒಂದೊಂದು ರೂಪಾಯಿಯಂತೆ 38 ರೂಪಾಯಿ ಇಟ್ಟಿರೆನ್ನೋಣ. ಗೆದ್ದ ಮನೆಗೆ 35 ರೂಪಾಯಿ ಬಹುಮಾನ. ಅದರ ಮೇಲಿಟ್ಟ ಒಂದು ರೂಪಾಯಿ ವಾಪಸು. ಕೈಗೆ ಬಂದದ್ದು 36. ಎರಡು ರೂಪಾಯಿ ಕಟ್ಟೆಯವನ ಡಬ್ಬಿಗೆ. ನೂರಕ್ಕೆ ಐದೂಕಾಲು ಚಿಲ್ಲರೆ. ಒಬ್ಬ ಗೆಲ್ಲಲಿ, ಒಬ್ಬ ಸೋಲಲಿ, ಚಕ್ರ ಸಾವಿರ ಸಲ ತಿರುಗಿದ ಮೇಲೆ ಆ ಐದೂಕಾಲು ಬಂದೇ ಬರುತ್ತದೆ. ಆದ್ದರಿಂದ ಆ ಊರಿನಲ್ಲಿ ಜೂಜಾಡದವನು ಒಬ್ಬನೇ, ಜೂಜುಕಟ್ಟೆಯ ಯಜಮಾನ. ಈ ಲೆಕ್ಕವನ್ನು ವಾಚಕರು ಮನಸ್ಸಿನಲ್ಲಿಡಬೇಕು. ರಾತ್ರಿಯೆಲ್ಲ ಇಷ್ಟು ಕಟ್ಟುನಿಟ್ಟಾಗಿ ಎಣಿಸುತ್ತಿದ್ದ ಊರು ಹಗಲಿನಲ್ಲಿ ನೀರಿನ ವಿಷಯಕ್ಕೆ ಬಂದಾಗ ಲೆಕ್ಕವನ್ನೇ ಮರೆತಿತ್ತು.

1941ರಲ್ಲಿ ತಾಮಸ್ ಹಲ್ ಎಂಬಾತ ಊರಿನ ಎಲ್ಲೆಯ ಆಚೆ, ಲಾಸ್ ಏಂಜಲೀಸಿನ ಹೆದ್ದಾರಿಯ ಪಕ್ಕದಲ್ಲಿ, ಎಲ್ ರಾಂಚೋ ವೇಗಸ್ ಎಂಬ ಹೋಟೆಲನ್ನು ತೆರೆದನು. ಬಿಸಿಲಿನಲ್ಲಿ ಬೆಂದು ಬರುವ ಮೋಟಾರುಗಳಿಗೆ ಕಾಣುವಂತೆ ರಸ್ತೆಯ ಬದಿಗೇ ಈಜುಕೊಳವನ್ನಿಟ್ಟದ್ದು ಅವನ ಜಾಣತನ. ಅಂಥ ಮರುಭೂಮಿಯಲ್ಲಿ ನೀಲಿ ನೀರಿಗಿಂತ ದೊಡ್ಡ ಜಾಹೀರಾತು ಯಾವುದಿದೆ? ಒಂದರ ಹಿಂದೊಂದು ಹೋಟೆಲುಗಳೆದ್ದು ಆ ರಸ್ತೆಗೆ 'ಸ್ಟ್ರಿಪ್' ಎಂದು ಹೆಸರಾಯಿತು. ಲೋಕವೆಲ್ಲ ಲಾಸ್ ವೇಗಸ್ ಎಂದು ಕರೆಯುವ ಆ ಬೀದಿಯ ಬಹುಭಾಗ ಕಾಗದದ ಮೇಲೆ ಲಾಸ್ ವೇಗಸ್ ನಗರಕ್ಕೆ ಸೇರಿಯೇ ಇಲ್ಲ! ನಗರಸಭೆಯ ತೆರಿಗೆಯಿಂದ ತಪ್ಪಿಸಿಕೊಳ್ಳಲು 1950ರಲ್ಲಿ ಅದನ್ನು ಬೇರೆ ಪಟ್ಟಣವಾಗಿ ಘೋಷಿಸಿಕೊಂಡರು. ಇಟ್ಟ ಹೆಸರು 'ಪ್ಯಾರಡೈಸ್', ಎಂದರೆ ಸ್ವರ್ಗ.

1946ರ ಡಿಸೆಂಬರ್ 26ರಂದು ತೆರೆದ ಫ್ಲಮಿಂಗೊ ಹೋಟೆಲಿನ ಹಿಂದೆ ಬೆಂಜಮಿನ್ ಸೀಗಲ್ ಎಂಬ ಪಾತಕಿಯಿದ್ದನು. ಆರು ತಿಂಗಳಲ್ಲೇ, 1947ರ ಜೂನಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಯಾರೋ ಅವನನ್ನು ಗುಂಡಿಟ್ಟು ಕೊಂದರು. ಪಾತಕಿಗಳ ಹಣ ಆ ಬೀದಿಯಲ್ಲಿ ಬಹುಕಾಲ ಆಡಿತು. 1966ರಲ್ಲಿ ಹೊವರ್ಡ್ ಹ್ಯೂಸ್ ಎಂಬ ಧನಿಕ ಬಂದು ಹೋಟೆಲುಗಳನ್ನು ಸಾಲಾಗಿ ಕೊಂಡದ್ದೂ, 1967 ಮತ್ತು 1969ರ ಶಾಸನಗಳು ಷೇರು ಕಂಪನಿಗಳಿಗೆ ದಾರಿ ತೆರೆದದ್ದೂ ಆ ಅಧ್ಯಾಯವನ್ನು ಕ್ರಮೇಣ ಮುಗಿಸಿದವು. ಚಲನಚಿತ್ರಗಳು ಈ ಪಾತಕಿಗಳನ್ನು ವೀರರಂತೆ ತೋರಿಸಿವೆ. ನನಗೆ ಅವರಲ್ಲಿ ಅಂಥ ಆಸಕ್ತಿಯಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಆಗ ಹೇಳಿದ ಪಶ್ಚಿಮದ ಕೇರಿ. ಕರಿಯ ಜನರನ್ನು ಊರಿನ ಉಳಿದ ಭಾಗಗಳಿಂದ ಒತ್ತರಿಸಿ ಅಲ್ಲಿಗೆ ಸೇರಿಸಿದ್ದರು. ಬಹುಕಾಲ ಅಲ್ಲಿ ಒಳ್ಳೆಯ ರಸ್ತೆಯಿಲ್ಲ, ಚರಂಡಿಯಿಲ್ಲ. ಸ್ಟ್ರಿಪ್ಪಿನ ವೇದಿಕೆಯ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸಿದ ಕರಿಯ ಕಲಾವಿದ ಅದೇ ಹೋಟೆಲಿನಲ್ಲಿ ಮಲಗುವಂತಿರಲಿಲ್ಲ. ರಾತ್ರಿ ಹಳಿ ದಾಟಿ ಕೇರಿಯ ಬಾಡಿಗೆ ಕೋಣೆಗೆ ಹೋಗಬೇಕು. 1955ರ ಮೇ ತಿಂಗಳಲ್ಲಿ ಮುಲಾ ರೂಜ್ ಎಂಬ ಹೋಟೆಲು ಎಲ್ಲ ವರ್ಣದವರಿಗೂ ಬಾಗಿಲು ತೆರೆಯಿತು. ಕೆಲವೇ ತಿಂಗಳಲ್ಲಿ ಮುಚ್ಚಿಯೂ ಹೋಯಿತು. ಮುಚ್ಚಿದ ಆ ಹೋಟೆಲಿನಲ್ಲೇ 1960ರ ಮಾರ್ಚ್ 26ರಂದು ಸಭೆ ಸೇರಿತು. ದಂತವೈದ್ಯ ಜೇಮ್ಸ್ ಮ್ಯಾಕ್‌ಮಿಲನ್ನರ ಮುಂದಾಳುತನದಲ್ಲಿ ಕರಿಯ ಜನ ಸ್ಟ್ರಿಪ್ಪಿನಲ್ಲಿ ಮೆರವಣಿಗೆ ತೆಗೆಯುವುದಾಗಿ ಗಡುವು ಕೊಟ್ಟಿದ್ದರು. ಮೆರವಣಿಗೆಯ ಚಿತ್ರಗಳು ಪತ್ರಿಕೆಯಲ್ಲಿ ಬಂದರೆ ಗಿರಾಕಿಗಳು ಹೆದರುತ್ತಾರೆಂಬ ಲೆಕ್ಕ ಯಜಮಾನರಿಗೆ ಚೆನ್ನಾಗಿ ತಿಳಿದಿತ್ತು. ಭೇದವನ್ನು ಕೈಬಿಡಲು ಒಪ್ಪಿದರು.

ಅಣುಬಾಂಬಿನ ಪ್ರಕರಣ ಇದಕ್ಕಿಂತಲೂ ವಿಚಿತ್ರ. 1951ರ ಜನವರಿಯಿಂದ ಊರಿನ ವಾಯವ್ಯಕ್ಕೆ ಸುಮಾರು 65 ಮೈಲಿ ದೂರದಲ್ಲಿ ಬಾಂಬುಗಳ ಪರೀಕ್ಷೆ ಮೊದಲಾಯಿತು. 1962ರೊಳಗೆ ನೆಲದ ಮೇಲೆ ಸಿಡಿಸಿದವು ನೂರರಷ್ಟು. ಹೋಟೆಲಿನವರು ಅದನ್ನೂ ತಮಾಷೆಯಾಗಿ ಮಾರಿದರು; ಮುಂಜಾವದ ಬೆಳಕಿನ ಗೋಳವನ್ನು ನೋಡಲು ಪಾನಗೋಷ್ಠಿ ಏರ್ಪಡಿಸಿದರು. ಧೂಳು ಬಿದ್ದ ಕಡೆಯ ಹಳ್ಳಿಗಳಲ್ಲಿ ರೋಗಕ್ಕೆ ತುತ್ತಾದವರಿಗೆ ಪರಿಹಾರ ಕೊಡುವ ಶಾಸನವಾದದ್ದು 1990ರಲ್ಲಿ.

ಇಷ್ಟೆಲ್ಲ ಸಡಗರ ನಡೆದಿದ್ದಾಗ ಬುಗ್ಗೆಗಳೇನಾಗಿದ್ದವು? 1930ರಲ್ಲಿ 5,165 ಇದ್ದ ನಗರದ ಜನಸಂಖ್ಯೆ 1960ರಲ್ಲಿ 64,405ಕ್ಕೆ ಏರಿತು. ಮನೆ ಮನೆಗೂ ಹಸುರು ಹುಲ್ಲಿನ ಅಂಗಳ, ಹೋಟೆಲು ಹೋಟೆಲಿಗೂ ಕೊಳ. ನೆಲದೊಳಗಿನ ನೀರು ತಗ್ಗುತ್ತ ಹೋಯಿತು; ಕೆಲವೆಡೆ ನೆಲವೇ ಕುಸಿಯಿತು. 1962ರಲ್ಲಿ ಬುಗ್ಗೆಗಳು ಹರಿಯುವುದನ್ನು ನಿಲ್ಲಿಸಿದವು. ಪೈಯೂಟರಿಗೆ, ವರ್ತಕರಿಗೆ, ಹೆಲೆನಳಿಗೆ, ಉಗಿಬಂಡಿಗೆ ನೀರುಣಿಸಿದ ಬುಗ್ಗೆಗಳು ಹರಾಜಾದ 57 ವರ್ಷಕ್ಕೆ ಬತ್ತಿದವು.

ಉಳಿದದ್ದು ನದಿ. 1971ರಲ್ಲಿ ಮೀಡ್ ಸರೋವರದಿಂದ ದೊಡ್ಡ ಕೊಳವೆಗಳಲ್ಲಿ ನೀರು ಬಂದಿತು. ಆದರೆ ನದಿಯ ಪಾಲುಪಟ್ಟಿ ಅದಕ್ಕೂ ಬಹಳ ಮುಂಚೆ ಆಗಿಹೋಗಿತ್ತು. ನೀರನ್ನು ಅಲ್ಲಿ ಎಕರೆ-ಅಡಿಯಲ್ಲಿ ಅಳೆಯುತ್ತಾರೆ. ಒಂದು ಎಕರೆಯ ಮೇಲೆ ಒಂದಡಿ ಆಳ ನಿಲ್ಲುವಷ್ಟು ನೀರೆಂದು ಅರ್ಥ. 1922ರ ಒಪ್ಪಂದದಲ್ಲಿ ನದಿಯ ಮೇಲಿನ ಸೀಮೆಗೆ 75 ಲಕ್ಷ, ಕೆಳಗಿನ ಸೀಮೆಗೆ 75 ಲಕ್ಷ ಎಕರೆ-ಅಡಿ ಎಂದು ಹಂಚಿದರು. 1928ರ ಶಾಸನದಲ್ಲಿ ಕೆಳಗಿನ ಪಾಲು ಒಡೆದು ಕ್ಯಾಲಿಫೋರ್ನಿಯಾಕ್ಕೆ 44 ಲಕ್ಷ, ಅರಿಜೋನಕ್ಕೆ 28 ಲಕ್ಷ, ನೆವಾಡಕ್ಕೆ 3 ಲಕ್ಷ ಎಂದಾಯಿತು. ಸಾವಿರಗಳಲ್ಲಿ ಎಣಿಸುವಷ್ಟು ಜನರಿದ್ದ ಆ ಬೆಂಗಾಡಿಗೆ ಇನ್ನೆಷ್ಟು ಬೇಕು ಎಂದುಕೊಂಡರು. 1944ರಲ್ಲಿ ಮೆಕ್ಸಿಕೋ ದೇಶಕ್ಕೆ ಇನ್ನೂ 15 ಲಕ್ಷ ಕೊಡುವ ಒಪ್ಪಂದವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. 1922ರಲ್ಲಿ ಲೆಕ್ಕಕ್ಕೆ ಹಿಡಿದ ವರ್ಷಗಳು ಅಸಾಧಾರಣ ಮಳೆಗಾಲದ ವರ್ಷಗಳು. ನದಿಯಲ್ಲಿ ಸಹಜವಾಗಿ ಹರಿಯುವುದು ಹಂಚಿದ್ದಕ್ಕಿಂತ ಕಡಮೆ. ಚಕ್ರದ ಮೇಲೆ ನಾಲ್ಕು ಸಲ ಗೆದ್ದವನು ಇನ್ನು ಸೋಲಿಲ್ಲವೆಂದು ಸಾಲ ಎತ್ತುತ್ತಾನಲ್ಲ, ಏಳು ರಾಜ್ಯಗಳ ಪ್ರತಿನಿಧಿಗಳು ಕುಳಿತು ಮಾಡಿದ್ದು ಹಾಗೆಯೇ ಆಯಿತು. 2000ದಿಂದೀಚೆಗೆ ಬರಗಾಲ ಬಂದು ಸಾಲದ ಪತ್ರ ಮುಂದಿಟ್ಟಿತು. ಮೀಡ್ ಸರೋವರದ ಮಟ್ಟ 2022ರ ಜುಲೈ ವೇಳೆಗೆ ಸುಮಾರು 170 ಅಡಿ ಇಳಿಯಿತು. ಬಂಡೆಗಳ ಮೇಲೆ ಹಳೆಯ ನೀರಿನ ಗುರುತು ಸುಣ್ಣ ಬಳಿದಂತೆ ಬೆಳ್ಳಗೆ ಉಳಿಯಿತು. ಮುಳುಗಿದ್ದ ಸೇಂಟ್ ತಾಮಸ್ ಹಳ್ಳಿಯ ಮೆಟ್ಟಿಲುಗಳೂ ಗೋಡೆಗಳೂ ಬಿಸಿಲಿಗೆ ಬಂದವು.

ಈಗ ಆ ಊರು ಜೂಜುಕಟ್ಟೆಯ ಯಜಮಾನನ ಲೆಕ್ಕವನ್ನು ನೀರಿಗೂ ಹಿಡಿದಿದೆ. 1991ರಲ್ಲಿ ಸುತ್ತಣ ನಗರಗಳೆಲ್ಲ ಸೇರಿ ಒಂದೇ ಜಲ ಪ್ರಾಧಿಕಾರವನ್ನು ಮಾಡಿಕೊಂಡವು. ಮನೆಯೊಳಗೆ, ಹೋಟೆಲಿನೊಳಗೆ ಬಳಸಿದ ನೀರನ್ನು ಶುದ್ಧಿಮಾಡಿ ಮರಳಿ ಸರೋವರಕ್ಕೆ ಬಿಟ್ಟರೆ ಆ ಅಳತೆ ಪಾಲಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಆದ್ದರಿಂದ ಸಾವಿರ ಕೋಣೆಯ ಹೋಟೆಲಿನ ಸ್ನಾನದ ನೀರು ದುಂದಲ್ಲ. ಅದು ತಿರುಗಿ ಬರುವ ನೀರು. ತಿರುಗಿ ಬಾರದ್ದು ಅಂಗಳದ ಹುಲ್ಲಿಗೆ ಹಾಕಿ ಆವಿಯಾಗಿಹೋದದ್ದು. ನೋಡುವವರಿಗೆ ದುಂದಿನ ಮೂರ್ತಿಯಂತೆ ಕಾಣುವ, 1998ರಲ್ಲಿ ತೆರೆದ ಬೆಲಾಜಿಯೊ ಹೋಟೆಲಿನ ಕುಣಿಯುವ ಕಾರಂಜಿ ಕೂಡ ನದಿಯ ನೀರಲ್ಲ. ಆ ಜಾಗದ ಹಳೆಯ ಬಾವಿಯದು. 2020ರ ಜನಗಣತಿಯಂತೆ ಆ ಜಿಲ್ಲೆಯಲ್ಲಿ 22 ಲಕ್ಷಕ್ಕೂ ಮಿಕ್ಕ ಜನ. ಆದರೂ 2023ರಲ್ಲಿ ನದಿಯಿಂದ ಅವರು ನಿಜವಾಗಿ ವ್ಯಯಮಾಡಿದ್ದು 2 ಲಕ್ಷ ಎಕರೆ-ಅಡಿಗಿಂತ ಕಡಮೆ. ಸರೋವರ ಇನ್ನೂ ಬತ್ತಿ, ಅಣೆಕಟ್ಟಿನಿಂದ ಕೆಳಕ್ಕೆ ಒಂದು ಹನಿ ಹೋಗದಿದ್ದರೂ ತಮಗೆ ಮಾತ್ರ ಸಿಕ್ಕುವಂತೆ ಸರೋವರದ ತಳಕ್ಕೇ ಸುರಂಗ ಕೊರೆದು 2015ರಲ್ಲಿ ಮೂರನೆಯ ಕೊಳವೆಯನ್ನಿಟ್ಟಿದ್ದಾರೆ. ಕೆಳಗಿನವರ ಗತಿಯೇನೆಂಬ ಪ್ರಶ್ನೆಯನ್ನು ಅದು ಬಿಡಿಸುವುದಿಲ್ಲ.

ಹುಲ್ಲಿನ ಮೇಲಂತೂ ಆ ಊರು ಯುದ್ಧವನ್ನೇ ಸಾರಿದೆ. ಅಂಗಳದ ಹುಲ್ಲನ್ನು ಕಿತ್ತು ಮರುಭೂಮಿಯ ಗಿಡ ನೆಡುವ ಗೃಹಸ್ಥರಿಗೆ ಚದರಡಿಯ ಲೆಕ್ಕದಲ್ಲಿ ಹಣ ಕೊಡುತ್ತಾರೆ. 2003ರಿಂದ ಹೊಸ ಮನೆಗಳ ಮುಂದೆ ಹುಲ್ಲು ಹಾಕುವಂತಿಲ್ಲ. 2021ರ ಶಾಸನವೊಂದು ರಸ್ತೆಯ ನಡುವಿನ, ಕಚೇರಿಗಳ ಮುಂದಿನ ಬರಿಯ ಅಲಂಕಾರದ ಹುಲ್ಲಿಗೆ ಕೊಲೊರಾಡೊ ನದಿಯ ನೀರು ಹಾಯಿಸುವುದಕ್ಕೆ 2026ರ ಅಂತ್ಯವನ್ನು ಕಡೆಯ ಗಡುವಾಗಿ ಗೊತ್ತುಮಾಡಿತು. ಹಳೆಯ ಬುಗ್ಗೆಗಳಿದ್ದ ಜಾಗವನ್ನು ಉದ್ಯಾನವಾಗಿ ಕಾಯ್ದಿಟ್ಟು 2007ರಲ್ಲಿ ಸಾರ್ವಜನಿಕರಿಗೆ ತೆರೆದರು. ಅಲ್ಲಿ ಕಾಲುದಾರಿಗಳಿವೆ, ಮರುಭೂಮಿಯ ಗಿಡಗಳ ತೋಟವಿದೆ, ನೀರಿನ ಚರಿತ್ರೆಯನ್ನು ಹೇಳುವ ವಸ್ತುಸಂಗ್ರಹಾಲಯವಿದೆ.